ಮೂವತ್ತು ಪರ್ಸೆಂಟಿನ ಡ್ರೈವರ್

ನಮ್ಮೂರ ಪಕ್ಕದ ಮಾಗಡಿಯಲ್ಲಿರುವ ನನ್ನ ಮಾವನ ಮನೆಯ ಬಾಗಿಲಿಗೆ ನನ್ನ ಸ್ವಂತ ಕಾರನ್ನು ನಾನೇ ಹೊಡೆದುಕೊಂಡು ಹೋಗಿ, ಹಾರ್ನ್ ಬಾರಿಸಿ, ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಇಳಿಯದಿದ್ದರೆ ನಾನು ಲಕ್ಷ್ಮೇಶ್ವರದ ಶಫೀಕನೇ ಅಲ್ಲ!

ಹೀಗೆಂದು ನಾನು ಘೋಷಿಸಿದ್ದು ನನ್ನ ಗಾದಿ ಅಂಗಡಿಯಲ್ಲಿ, ಹಿಂಜಿದ ಹತ್ತಿಯ ರಾಶಿಯ ಮೇಲೆ ನಿಂತು. ಕೇಳಿದವಳು ನನ್ನ ಹೆಂಡತಿ ಮೆಹನಾಜ ಒಬ್ಬಳೇ. ಅವಳು ಗಾದಿಗೆ ದಬ್ಬಣದಿಂದ ಟಾಕಿ ಹಾಕುತ್ತ, ತಲೆ ಕೂಡ ಎತ್ತದೆ, "ಮೊದಲ ಹತ್ತಿ ಮ್ಯಾಲಿಂದ ಇಳೀರಿ. ಗಿರಾಕಿದು ಅದು" ಎಂದಳು. ಇಳಿದೆ.

ವಿಷಯ ಇಷ್ಟೇ. ನನಗೆ ಎಡಗಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಚಿಣ್ಣಿದಾಂಡು ಆಡುವಾಗ ಚಿಣ್ಣಿ ನೆಟ್ಟಗೆ ಬಂದು ಲೆಕ್ಕ ಮುಗಿಸಿತು. ಬಲಗಣ್ಣು ಮಾತ್ರ ಭೇಷಾಗಿದೆ. ದೀಪವಿಲ್ಲದೆಯೇ ಸೂಜಿ ಪೋಣಿಸುತ್ತೇನೆ. ಆದರೆ ಮದುವೆಯ ಮಾತುಕತೆಯಲ್ಲಿ ನನ್ನ ಮಾವ ಕರೀಮಸಾಬರು ವರದಕ್ಷಿಣೆ, ಊಟೋಪಚಾರ ಎಲ್ಲವನ್ನೂ ಬದಿಗಿಟ್ಟು ಒಂದೇ ಷರತ್ತು ಹಾಕಿದ್ದರು: "ಹುಡುಗ ದುಡೀತಾನ, ಕುಡಿಯೂದಿಲ್ಲ, ಖುಷಿ ಐತಿ. ಆದ್ರ ನನ್ನ ಮಗಳನ್ನ ಕುಂದ್ರಿಸಿಕೊಂಡ ಯಾವ ಗಾಡೀನೂ ಹೊಡೀಬಾರ್ದು. ಇದೊಂದ ಮಾತ ಕೊಡ್ರಿ." ಹೆಣ್ಣು ಕೊಡುತ್ತಾರಲ್ಲ ಎಂಬ ಸಂತೋಷದಲ್ಲಿ ನಾನು ವಿಮಾನವನ್ನೂ ಹೊಡೆಯುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟೆ.

ಆಮೇಲೆ ಗೊತ್ತಾಯಿತು ಅದರ ಬಿಸಿ. ಉಳಿದ ಅಳಿಯಂದಿರು ಮೋಟರ್‌ಸೈಕಲ್ ಮೇಲೆ ಬಂದು ಇಳಿಯುತ್ತಿದ್ದರು. ನಾನು ಮಾತ್ರ ಬಸ್ಸಿನಿಂದ ಇಳಿದು, ಕೈಯಲ್ಲಿ ಚೀಲ ಹಿಡಿದು, ಧೂಳು ಜಾಡಿಸುತ್ತ ನಡೆದು ಹೋಗುತ್ತಿದ್ದೆ. ಮಾವನವರು ಪ್ರೀತಿಯಿಂದಲೇ, "ಬಸ್ಸಿನ್ಯಾಗ ಸೀಟ ಸಿಕ್ಕಿತ್ತಿಲ್ರಿ ಅಳಿಯಾರ?" ಎಂದು ಕೇಳುತ್ತಿದ್ದರು. ಆ ಪ್ರೀತಿಯೇ ನನಗೆ ಚುಚ್ಚುತ್ತಿತ್ತು. ಕಣ್ಣು ಹೋದದ್ದಕ್ಕೆ ನಾನು ಎಂದೂ ಅತ್ತವನಲ್ಲ. ಈ ಒಂದು ಪ್ರಶ್ನೆಗೆ ಮಾತ್ರ ಅಳುವುದೊಂದು ಬಾಕಿ ಇರುತ್ತಿತ್ತು.

ಈ ಸಲ ಮೆಹನಾಜಳ ತಂಗಿ ಕೌಸರಳ ನಿಶ್ಚಯ ಗೊತ್ತಾಗಿತ್ತು. ಬಳಗವೆಲ್ಲ ಮಾಗಡಿಯಲ್ಲಿ ಸೇರುತ್ತದೆ. ಅದೇ ದಿನ ನನ್ನ ಕಾರು ಅಲ್ಲಿ ನಿಲ್ಲಬೇಕು, ಮಾವ ತಮ್ಮ ಬಾಯಿಂದ ತಮ್ಮ ಷರತ್ತು ಹಿಂದಕ್ಕೆ ತೆಗೆದುಕೊಳ್ಳಬೇಕು. ಇದು ನನ್ನ ಹಟ.

ನಮ್ಮ ಅಂಗಡಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ಹುಲಿಗೇಶನಿಗೆ ಸರ್ಕಾರದ ಯೋಜನೆಗಳೆಲ್ಲ ಬಾಯಿಪಾಠ. ಅರ್ಧ ಮಾತ್ರ ಬಾಯಿಪಾಠ ಎಂಬುದು ನನಗೆ ತಡವಾಗಿ ತಿಳಿಯಿತು.

"ಶಫೀಕಣ್ಣಾ, ನಿನ್ನಂಥವರು ಕಾರ್ ತೊಗೊಂಡ್ರ ಸರಕಾರ ಟ್ಯಾಕ್ಸ್ ಬಿಡತೈತಿ. ಅಂಗವಿಕಲರ ಸರ್ಟಿಫಿಕೇಟ್ ಒಂದ ತೊಗೊಂಡ ಬಾ. ಹಂಗಽ ಲೈಸೆನ್ಸಿಗೆ ಕಣ್ಣು ಚಲೋ ಅದಾವ ಅಂತ ಡಾಕ್ಟರ್ ಸಹಿನೂ ಬೇಕು. ಒಂದಽ ಬಸ್ ಚಾರ್ಜಿನ್ಯಾಗ ಎರಡೂ ಮಾಡಿಸಿಕೊಂಡ ಬಂದಬಿಡು."

ನನಗೂ ಇದು ಜಾಣತನದ ಮಾತೆಂದೇ ಕಂಡಿತು. ಗದಗಿಗೆ ಹೋದೆವು. ಮೊದಲು ಕುರುಡುತನದ ಕಾಗದ. ಅದಕ್ಕೆ ತಕ್ಕಂತೆ ನಾನು ಮೆಹನಾಜಳ ಕೈ ಹಿಡಿದು, ಹೆಜ್ಜೆ ತಡವರಿಸುತ್ತ ಕಣ್ಣಿನ ಡಾಕ್ಟರ್ ಬಾಯಿಯ, ಅಂದರೆ ಡಾಕ್ಟರಮ್ಮನ, ಕೋಣೆಯನ್ನು ಪ್ರವೇಶಿಸಿದೆ. ಬಾಗಿಲಿಗೆ ಭುಜ ತಾಗಿಸಿದೆ. ಸ್ಟೂಲನ್ನು ಎಡವಿ ಬೀಳಿಸಿದೆ. ಕುರ್ಚಿ ಎಂದು ತಿಳಿದವನಂತೆ ಪಕ್ಕದ ಮುದುಕನೊಬ್ಬನ ತೊಡೆಯ ಮೇಲೆ ಕೂತೆ. ಇದು ಸ್ವಲ್ಪ ಹೆಚ್ಚಾಯಿತೇನೋ, ಮುದುಕ ಬೈದ.

ಡಾಕ್ಟರ್ ಬಾಯಿ ನನ್ನ ಎಡಗಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, "ಇದು ಪೂರ್ತಿ ಹೋಗೈತಿ. ಬಲಗಣ್ಣು ಹೆಂಗೈತ್ರಿ?" ಎಂದು ಕೇಳಿದರು.

"ಅದೂ ಮಸಕ ಮಸಕ ಕಾಣತೈತ್ರಿ" ಎಂದೆ, ಸ್ವರವನ್ನು ಸಣ್ಣ ಮಾಡಿ.

ಮೆಹನಾಜಳಿಗೆ ತಡೆಯಲಾಗಲಿಲ್ಲ. "ಸುಳ್ಳರೀ ಬಾಯಾರ. ಓಣಿ ಆ ಕಡೆ ಗಿರಾಕಿ ಹರಕ ನೋಟ್ ತಗದ್ರ ಇವರಿಗೆ ಈ ಕಡಿಂದಽ ಕಾಣತೈತಿ."

ಡಾಕ್ಟರ್ ಬಾಯಿ ನಕ್ಕರು. ಅಕ್ಷರ ಓದಿಸಿದರು. ಕಟ್ಟಕಡೆಯ ಸಣ್ಣ ಸಾಲನ್ನು ನನ್ನ ಬಾಯಿ ನನ್ನನ್ನು ಕೇಳದೆಯೇ ಗಳಗಳ ಓದಿಬಿಟ್ಟಿತು. "ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಪೂರ್ತಿ ಚಲೋ ಇದ್ರ ಮೂವತ್ತು ಪರ್ಸೆಂಟ್ ಅಷ್ಟ ರೀ. ನಿಮ್ಮ ಸವಲತ್ತಿಗೆ ನಲವತ್ತು ಬೇಕಲ್ಲ" ಎಂದರು.

"ಇನ್ನ ಹತ್ತು ಹ್ಯಾಂಗರ ಹೊಂದಸ್ರಿ" ಎಂದೆ.

"ನಾ ಹೊಂದಸಾಕ ಇದೇನ ಸಂತೀ ಏನ್ರೀ?"

ಸರಿ, ಟ್ಯಾಕ್ಸಿನ ಆಸೆ ಅಲ್ಲಿಗೆ ಮುಗಿಯಿತು. ಲೈಸೆನ್ಸಾದರೂ ಆಗಲಿ ಎಂದು ಎದ್ದು ನೆಟ್ಟಗೆ ನಿಂತು, ಬಿದ್ದಿದ್ದ ಸ್ಟೂಲನ್ನು ನಾನೇ ಎತ್ತಿಟ್ಟು, ಮುದುಕನಿಗೆ ಸಲಾಮು ಹೇಳಿ, ಕಿಸೆಯಿಂದ ಇನ್ನೊಂದು ಕಾಗದ ತೆಗೆದೆ. "ಬಾಯಾರ, ಗಾಡಿ ಹೊಡಿಯಾಕ ನನ್ನ ಕಣ್ಣು ಭಾಳ ಚಲೋ ಐತಿ ಅಂತ ಇದಕ್ಕೊಂದ ಸಹಿ ಹಾಕ್ರಿ."

ಡಾಕ್ಟರ್ ಬಾಯಿ ಚಸ್ಮಾ ತೆಗೆದು ಮೇಜಿನ ಮೇಲಿಟ್ಟರು. "ಈಗಷ್ಟ ನನ್ನ ಸ್ಟೂಲ್ ಕೆಡವಿದವರು ನೀವಽ ಏನ್ರಿ? ಅಥವಾ ನಿಮ್ಮ ಅಣ್ಣತಮ್ಮ ಯಾರರ ಬಂದಿದ್ರೇನು?"

ಮುಂಜಾನೆ ಕುರುಡ, ಮಧ್ಯಾಹ್ನ ಗರುಡ! ಕೋಣೆಯಲ್ಲಿದ್ದ ರೋಗಿಗಳೆಲ್ಲ ತಮ್ಮ ತಮ್ಮ ಕಣ್ಣಿನ ನೋವು ಮರೆತು ನನ್ನನ್ನು ನೋಡುತ್ತಿದ್ದರು. ಪುಣ್ಯಕ್ಕೆ ಆ ತಾಯಿ ದೊಡ್ಡ ಮನಸ್ಸಿನವರು. ಮತ್ತೊಮ್ಮೆ ಕೂರಿಸಿ, ಆಚೀಚೆ ಬೆರಳಾಡಿಸಿ, ಎಷ್ಟು ಅಗಲ ಕಾಣುತ್ತದೆಂದು ಪರೀಕ್ಷಿಸಿ ಸಹಿ ಹಾಕಿದರು. ಹಾಕುವಾಗ ಹೇಳಿದರು: "ಎಡಕ್ಕ ಏನಿದ್ರೂ ಕುತಿಗಿ ಹೊರಳಿಸಿ ನೋಡಬೇಕು. ಯಾವಾಗಲೂ. ಮರೀಬಾರ್ದು."

ಕುತ್ತಿಗೆ ಹೊರಳಿಸುವ ಕಷ್ಟ ನನಗೇಕೆ? ಎಡಗಡೆ ಕೂರಲು ಹೆಂಡತಿ ಇಲ್ಲವೇ? ನಾನು ಮನಸ್ಸಿನಲ್ಲೇ ಒಂದು ಕಾನೂನು ಮಾಡಿದೆ.

ನಮ್ಮೂರಿನ ಉಡಚಪ್ಪ ಎಂಬವನಿಂದ ಅವನ ಹಳೆಯ ಕಾರನ್ನು ಕೊಂಡೆ. ಮಾರುಕಟ್ಟೆಯ ಖಾಲಿ ಅಂಗಳದಲ್ಲಿ ಹುಲಿಗೇಶ ನನಗೆ ಕಲಿಸಿದ. ಕಲಿಯುವಷ್ಟು ದಿನ ಮೆಹನಾಜ ಒಂದು ಉದ್ದನೆಯ ಗಾದಿ ಹೊಲಿದು ಕಾರಿನ ಎಡಗಡೆಗೆ ಹಗ್ಗದಿಂದ ಬಿಗಿದಿದ್ದಳು. "ಇದೇನ ಕಾರೋ, ಬಾಣಂತಿಯೋ?" ಎಂದು ಕೇಳಿದೆ. "ನಾಕ ಮಂದಿ ನಗಲಿ. ನಾಕ ಮಂದಿ ಸಾಯೂದ ಬ್ಯಾಡ" ಎಂದಳು. ಗದಗಿನಲ್ಲಿ ಪರೀಕ್ಷೆ ಕೊಟ್ಟೆ, ಪಾಸಾದೆ, ಲೈಸೆನ್ಸು ಬಂತು. ಗಾದಿ ಬಿಚ್ಚಿಸಿದೆ.

ನಿಶ್ಚಯದ ದಿನ ಹೊರಟೆವು. ಏರುವ ಮೊದಲು ನನ್ನ ಕಾನೂನನ್ನು ಓದಿ ಹೇಳಿದೆ: "ಎಡಗಡೆ ಏನರ ಬಂತಂದ್ರ ನೀ ಹೇಳಬೇಕು. ನೀ ಸುಮ್ಮನಿದ್ದಿ ಅಂದ್ರ ರಸ್ತಾ ಸಾಫ್ ಐತಿ ಅಂತ ನಾ ತಿಳೀತೀನಿ."

"ಮದುವಿ ಆದಾಗಿಂದ ಸುಮ್ಮನಿರು, ಸುಮ್ಮನಿರು ಅಂದೋರು, ಈಗ ಮಾತಾಡು ಅನ್ನಾಕತ್ತೀರಿ. ಇರ್ಲಿ" ಎಂದು ಕೂತಳು.

ಅವಳು ಮಾತಾಡಿದಳು. ಇಷ್ಟು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಮಾತಾಡಿದಳು. "ಎಡಕ ಎಮ್ಮಿ. ಎಡಕ ಸೈಕಲ್. ಎಡಕ ಇಬ್ರು ಹುಡುಗ್ಯಾರು, ಒಬ್ಬಾಕಿ ಹಳದಿ ಸೀರಿ. ಎಡಕ ನಿಮ್ಮ ದೋಸ್ತ ಸಕ್ರಪ್ಪ ನಿಂತಾನ, ಕೈ ಮಾಡಾಕ ಹೋಗಬ್ಯಾಡ್ರಿ, ಮುಂದ ನೋಡ್ರಿ." ಲಕ್ಷ್ಮೇಶ್ವರದಿಂದ ಮಾಗಡಿಯವರೆಗಿನ ಎಡಭಾಗ ಪೂರ್ತಿ ನನ್ನ ಕಿವಿಯಲ್ಲಿ ಹಾದುಹೋಯಿತು. ನಾನು ಬಾದಶಹನಂತೆ ಬೆನ್ನು ನೆಟ್ಟಗೆ ಮಾಡಿ, ಕುತ್ತಿಗೆ ಒಮ್ಮೆಯೂ ಹೊರಳಿಸದೆ ಹೊಡೆಯುತ್ತಿದ್ದೆ. ಮಾಗಡಿಯ ಕೆರೆ ಕಾಣಿಸಿತು. ಚಳಿಗಾಲದ ಹಕ್ಕಿಗಳು ದಂಡುಗಟ್ಟಿ ಕೂತಿದ್ದವು. ಇನ್ನೊಂದು ತಿರುವು, ಆಮೇಲೆ ಮಾವನ ಬಾಗಿಲು.

ಆಗ ಊರಿನ ಮಸೂತಿಯ ಮೈಕಿನಿಂದ ಮಧ್ಯಾಹ್ನದ ಅಜಾನ್ ಕೇಳಿಸಿತು.

ಮೆಹನಾಜ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಾಯಿ ಮುಚ್ಚಿದಳು. ನಮ್ಮ ಮನೆಯಲ್ಲಿ ಅಜಾನ್ ಆಗುವಾಗ ಯಾರೂ ಮಾತಾಡುವುದಿಲ್ಲ. ಜಗಳ ಕೂಡ ಅರ್ಧಕ್ಕೆ ನಿಂತು, ಅಜಾನ್ ಮುಗಿದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ನಾನೂ ಬಾಯಿ ಮುಚ್ಚಿದೆ. ನಮ್ಮ ಕಾನೂನಿನ ಪ್ರಕಾರ ರಸ್ತೆ ಸಾಫ್ ಎಂದಾಯಿತು.

ಮೆಹನಾಜ ನನ್ನ ಮೊಣಕೈ ತಿವಿದಳು. ಟೋಪಿ ಹಾಕಿಕೊಳ್ಳಿ ಎನ್ನುತ್ತಿದ್ದಾಳೆಂದು ತಿಳಿದೆ. ಒಂದು ಕೈ ಬಿಟ್ಟು ಟೋಪಿ ತಡಕಿ ತಲೆಗಿಟ್ಟುಕೊಂಡೆ. ಮತ್ತೊಮ್ಮೆ ಜೋರಾಗಿ ತಿವಿದಳು. ಟೋಪಿ ಸೊಟ್ಟಗಾಗಿದೆಯೇನೋ ಎಂದು ಸರಿಮಾಡಿಕೊಂಡೆ. ಮೂರನೆಯ ಸಲ ಅವಳು ತಿವಿದಾಗ ಕಾರು ಗಾದಿಯ ಮೇಲೆ ಹತ್ತಿದ ಹಾಗೆ ಮೆತ್ತಗಾಯಿತು.

ಅಜಾನ್ ಮುಗಿಯಿತು. ಮೆಹನಾಜ ದುವಾ ಮಾಡಿ, ಕೈಯಿಂದ ಮುಖ ಸವರಿಕೊಂಡು ಹೇಳಿದಳು: "ಎಡಕ ಹುರಳಿ."

ರಸ್ತೆಯ ಅರ್ಧಕ್ಕೆ ಹುರಳಿಯ ಬಳ್ಳಿಯನ್ನು ಹರವಿ, ಬಂದುಹೋಗುವ ಗಾಡಿಗಳಿಂದ ಕಾಳು ಉದುರಿಸಿಕೊಳ್ಳಲು ಕಾಯುತ್ತ ಕೂತಿದ್ದವಳು ಆ ಊರಿನ ಫಕ್ಕೀರವ್ವ ಎಂಬ ಹೆಂಗಸು. ಬೈಗುಳಕ್ಕೆ ಸಿದ್ಧನಾಗಿ ನಾನು ಕಿಟಕಿಯ ಗಾಜು ಇಳಿಸಿದೆ. ಅವಳು ಓಡಿ ಬಂದು ನನ್ನ ಗಲ್ಲ ಸವರಿದಳು.

"ಮುಂಜಾನಿಂದ ಒಂದರ ಗಾಡಿ ಇದರ ಮ್ಯಾಲೆ ಹತ್ತಿಲ್ಲಪ್ಪಾ. ಎಲ್ಲಾರೂ ತಪ್ಪಿಸಿಕೊಂಡ ಹೊಕ್ಕಾರ. ನೀ ಒಬ್ಬ ಪುಣ್ಯಾತ್ಮ ಬಂದಿ. ಇನ್ನ ಎರಡ ಸುತ್ತ ಹೊಡಿ, ನಿನ್ನ ಹೊಟ್ಟಿ ತಣ್ಣಗಿರಲಿ."

ಇಷ್ಟು ಮರ್ಯಾದೆ ನನ್ನ ಡ್ರೈವಿಂಗಿಗೆ ಯಾರು ಕೊಟ್ಟಿದ್ದರು? "ಬ್ಯಾಡ್ರಿ, ಬಳ್ಳಿ ಸುತಕೋತೈತಿ" ಎಂದು ಮೆಹನಾಜ ಹೇಳುತ್ತಿದ್ದರೂ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಹೊಡೆದೆ. ಗರ್ ಎಂದಿತು. ಸುಟ್ಟ ವಾಸನೆ ಬಂತು. ಕಾರು ನಿಂತಿತು. ಬಗ್ಗಿ ನೋಡಿದರೆ ಬಳ್ಳಿ ಗಾಲಿಯ ಅಚ್ಚಿಗೆ ಹಗ್ಗದಂತೆ ಸುತ್ತಿಕೊಂಡಿತ್ತು.

ಫಕ್ಕೀರವ್ವ, "ಹೆದರಬ್ಯಾಡ ತಮ್ಮಾ, ಕರೀಮಸಾಬರ ಟ್ರ್ಯಾಕ್ಟರ್ ಐತಿ" ಎಂದು ಒಬ್ಬರ ಕೈಯಲ್ಲಿ ಹೇಳಿಕಳಿಸಿಯೂ ಬಿಟ್ಟಳು. ಮಾಗಡಿಯಲ್ಲಿ ಇದ್ದ ಟ್ರ್ಯಾಕ್ಟರುಗಳಲ್ಲಿ ಅವಳಿಗೆ ನೆನಪಾದದ್ದು ನನ್ನ ಮಾವನದೇ!

ನಾನು ಮತ್ತೆ ಕಾರು ಹತ್ತಿ ಸ್ಟೇರಿಂಗ್ ಹಿಂದೆ ಕೂತೆ. ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಟ್ರಾಲಿಯ ಮೇಲೆ ನಿಶ್ಚಯಕ್ಕೆ ಬಂದ ಬೀಗರೂ ನಿಂತಿದ್ದರು. ಇನ್ನು ಜೀವವಿರುವವರೆಗೆ ಬಸ್ಸು, ಚೀಲ, ಧೂಳು. ನನಗೆ ಖರೆಯೇ ಅಳು ಬಂತು. ಒಂದೇ ಕಣ್ಣಿನಿಂದ ಅಲ್ಲ, ಅಳುವ ಕೆಲಸಕ್ಕೆ ಎರಡೂ ಕಣ್ಣು ಸರಿಯಾಗಿವೆ.

ಮೆಹನಾಜ ನನ್ನ ಮುಖ ನೋಡಿದಳು. ಇಳಿದು, ಸುತ್ತು ಹಾಕಿ ಬಂದು ನನ್ನ ಕಡೆಯ ಬಾಗಿಲು ತೆಗೆದಳು. "ಇಳೀರಿ."

"ಯಾಕ?"

"ಇಳೀರಿ ಅಂದೆ. ಆ ಕಡಿ ಹೋಗಿ ಕುಂಡ್ರಿ."

ನಾನು ಕೂತೆ. ಅವಳು ಸ್ಟೇರಿಂಗ್ ಹಿಂದೆ ಕೂತು ಎರಡೂ ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳು ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವಳಲ್ಲ.

ಮಾವ ಇಳಿದು ಬಂದರು. ಮಗಳನ್ನು ನೋಡಿದರು, ಹುರಳಿ ನೋಡಿದರು, ಮತ್ತೆ ಮಗಳನ್ನು ನೋಡಿದರು. "ಗಾಡಿ ನೀ ಹೊಡದೇನು?"

"ಹೂನಪ್ಪಾ, ನಾನಽ" ಎಂದಳು ಮೆಹನಾಜ.

ಮಾವ ಸಾಕ್ಷಿ ಕೇಳುವವರಂತೆ ಫಕ್ಕೀರವ್ವನ ಕಡೆ ತಿರುಗಿದರು. ಫಕ್ಕೀರವ್ವ ನನ್ನನ್ನೊಮ್ಮೆ, ಮೆಹನಾಜಳನ್ನೊಮ್ಮೆ ನೋಡಿ, ಎಲೆಯಡಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿಕೊಂಡು, "ಹೂನ್ರಿ, ನಿಮ್ಮ ಮಗಳಽ. ಚಲೋ ಹೊಡದ್ಲು. ಅರ್ಧ ಹುರಳಿ ಉದುರೈತಿ" ಎಂದಳು.

ಆಮೇಲೆ ಮಾವ ಮಗಳನ್ನು ಬೈದರು ನೋಡಿ, ಕೆರೆಯ ಹಕ್ಕಿಗಳು ಎದ್ದು ಒಂದು ಸುತ್ತು ಹಾರಿದವು. "ಎರಡ ಕಣ್ಣ ಇಟಗೊಂಡ ಇಷ್ಟ ದೊಡ್ಡ ರಾಶಿ ಕಾಣಲಿಲ್ಲೇನ ನಿನಗ? ಬಾಜೂಕ ಗಂಡ ಕುಂತಾನ, ಆ ಮನಶಾಗ ಒಂದಽ ಕಣ್ಣಿದ್ರೂ ಎಷ್ಟ ಲಕ್ಷ್ಯ ಕೊಟ್ಟ ನೋಡತಾನ!" ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೀಗರು ನಕ್ಕರು. ಅವಳ ಕಿವಿ ಕೆಂಪಾದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಅವಳು ನನ್ನ ಬಲಗಡೆಗೇ ಇದ್ದಳಲ್ಲ.

ಬಳ್ಳಿ ಕೊಯ್ದು ತೆಗೆದದ್ದಾಯಿತು, ನಿಶ್ಚಯವಾಯಿತು. ಊಟಕ್ಕೆ ಕೂತ ಬಳಗದ ನಡುವೆ ಮಾವ ಎದ್ದು ನಿಂತು, ಮಗಳಿಂದ ಕಸಿದುಕೊಂಡಿದ್ದ ಕಾರಿನ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. "ಅಳಿಯಾರ, ಇಷ್ಟ ವರ್ಷ ನಾ ನಿಮಗ ಅಡ್ಡ ಬಂದೆ, ತಪ್ಪಾತು. ಇನ್ನ ಮ್ಯಾಲೆ ಗಾಡಿ ನೀವಽ ಹೊಡೀಬೇಕು. ಇಕಿ ಕೈಯಾಗ ಕೀಲಿ ಕೊಡಬ್ಯಾಡ್ರಿ."

ನಾನು ಕಾದ ಮಾತು ಅದೇ. ಆದರೂ ಬಿರಿಯಾನಿಯ ತಾಟನ್ನು ಪಕ್ಕಕ್ಕೆ ಸರಿಸಿದೆ. "ಮಾವಾರ, ಖರೆ ಹೇಳಬೇಕಂದ್ರ..." ಎಂದು ಶುರುಮಾಡಿದೆ. ಮೆಹನಾಜ ನನ್ನ ತಾಟಿಗೆ ಇನ್ನೊಂದು ಸೌಟು ಸುರಿದು, "ಸುಮ್ಮನ ಉಣ್ರಿ" ಎಂದಳು.

ಸಂಜೆ ಹೊರಟಾಗ ಮಾವ ಅವಳನ್ನು ಹಿಂದಿನ ಸೀಟಿಗೆ ಹತ್ತಿಸಿದರು. "ಮುಂದ ಕುಂತ್ರ ಮಾತಾಡಿ ಅವರ ಲಕ್ಷ್ಯ ಕೆಡಸ್ತಾಳ." ನಾನು ಹೆಜ್ಜೆಹೆಜ್ಜೆಗೂ ಕುತ್ತಿಗೆಯನ್ನು ಎಡಕ್ಕೆ ಹೊರಳಿಸುತ್ತ, ಎತ್ತಿನ ಗಾಡಿಗೂ ದಾರಿ ಬಿಡುತ್ತ ಊರು ದಾಟಿಸಿದೆ. ಕೆರೆ ಹಿಂದಾದ ಮೇಲೆ ಕಾರು ನಿಲ್ಲಿಸಿ, ತಿರುಗಿ, "ಮೆಹನಾ, ನಿನಗ ಭಾಳ ಬೈಸಿದ್ನೆಲ್ಲ. ಏನ ಬೇಕ ಕೇಳು, ಕೊಡಸ್ತೀನಿ" ಎಂದೆ. ಬಳೆಯನ್ನೋ ಸೀರೆಯನ್ನೋ ಕೇಳುತ್ತಾಳೆಂದುಕೊಂಡಿದ್ದೆ.

ಅವಳು ಮುಂದೆ ಬಂದು ಕೂತು, ಸೆರಗು ಸರಿಮಾಡಿಕೊಂಡು ಹೇಳಿದಳು:

"ಹೊಡಿಯಾಕ ಬರಲಾರದಽ ಬೀಗರ ಮುಂದ ಬೈಸಿಕೊಂಡೀನಿ. ಇನ್ನೊಮ್ಮೆ ಬೈಸಿಕೊಳ್ಳೂದಿದ್ರ ನಾನಽ ಹೊಡದ ಬೈಸಿಕೋತೀನಿ. ನಾಳೆ ಗದಗಿಗೆ ನಡೀರಿ, ನನ್ನ ಲೈಸೆನ್ಸಿಗೆ."