ಒಂದು ಕೋಟು, ಒಂದು ಎಸ್

“ಈ ಸಲ ಇನ್‌ಸ್ಪೆಕ್ಟರರಿಂದ ‘ಭೇಷ್’ ಅನ್ನಿಸಿಕೊಳ್ಳದಿದ್ರೆ ನನ್ನ ಹೆಸರು ಮಹಾಗಣಪತಿಯೇ ಅಲ್ಲ!” ಎಂದು ಮಹಾಗಣಪತಿ ಮಾಸ್ತರರು ದೋಸೆ ಬಡಿಸಿದ ಬಾಳೆಲೆಯ ಮುಂದೆ ಶಪಥ ಮಾಡಿದರು.

ನಯಾ ಪೈಸೆ ಹೊಸತಾಗಿ ಬಂದ ಕಾಲವದು. ಶಾಲಾ ತಪಾಸಣೆಗೆ ಇನ್ನೊಂದೇ ವಾರ ಉಳಿದಿತ್ತು. ಹೋದ ವರ್ಷ ಅವರ ಆರನೇ ಕ್ಲಾಸಿನ ಮಕ್ಕಳು ಇನ್‌ಸ್ಪೆಕ್ಟರರ ಎದುರು ‘ಬಾಯ್ಸ್ ರನ್ಸ್’ ಎಂದು ಒಕ್ಕೊರಲಿನಿಂದ ಕೂಗಿ ಮಾನ ಕಳೆದಿದ್ದರು. “ಮುಂದಿನ ವರ್ಷವೂ ಹೀಗೇ ಆದರೆ ನಿಮ್ಮ ಇಂಗ್ಲಿಷನ್ನು ಉದಯಶಂಕರರಿಗೆ ಕೊಡಿಸುತ್ತೇನೆ. ಮತ್ತೆ, ಕೋಟಿಲ್ಲದ ಮಾಸ್ತರರನ್ನು ನಾನು ಮಾಸ್ತರರೆಂದೇ ಎಣಿಸುವುದಿಲ್ಲ!” ಎಂದು ಇನ್‌ಸ್ಪೆಕ್ಟರರು ಗುಡುಗಿ ಹೋಗಿದ್ದರು.

ಉದಯಶಂಕರ ಪಕ್ಕದ ಐದನೇ ಕ್ಲಾಸಿನ ಮಾಸ್ತರ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವನು ಮಾಸ್ತರರ ಹೆಂಡತಿ ವಸುಮತಿಯ ತಮ್ಮ. ಅವರದೇ ಮನೆಯಲ್ಲಿ ಅವರದೇ ಅನ್ನ ಉಣ್ಣುವವನು! ಇಂಗ್ಲಿಷ್ ಅವನ ಪಾಲಾದರೆ ಸವಣೂರು ಪೇಟೆಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ?

ಮನೆಯಲ್ಲಿದ್ದುದು ಒಂದೇ ಕೋಟು. ಮದುವೆಗೆಂದು ಮಾವ ಪುತ್ತೂರಿನ ಟೈಲರ್ ಆದಂ ಕುಂಞಿಯಿಂದ ಹೊಲಿಸಿಕೊಟ್ಟದ್ದು. ಆಮೇಲೆ ಮಾಸ್ತರರ ಹೊಟ್ಟೆ ಹೆಸರಿಗೆ ತಕ್ಕಂತೆ ಬೆಳೆದಿತ್ತು, ಕೋಟು ಬೆಳೆದಿರಲಿಲ್ಲ.

“ತಪಾಸಣೆಯ ದಿನ ಕೋಟು ನನಗೆ!” ಎಂದರು ಮಾಸ್ತರರು.

“ನನ್ನ ಕ್ಲಾಸಿಗೂ ಬರ್ತಾರಲ್ಲ ಭಾವ?” ಎಂದ ಉದಯಶಂಕರ.

“ಎಂತ ಗಲಾಟೆ ಮಾರಾಯ್ರೆ ಬೆಳಿಗ್ಗೆ ಬೆಳಿಗ್ಗೆ?” ವಸುಮತಿ ದೋಸೆ ಸಟ್ಟುಗ ಹಿಡಿದೇ ಹೊರಗೆ ಬಂದಳು. “ಅದು ನನ್ನ ಅಪ್ಪ ಕೊಟ್ಟ ಕೋಟು. ಇವ ಹಾಕಿದಾಗ ನಿಮಗಿಲ್ಲ, ನೀವು ಹಾಕಿದಾಗ ಇವನಿಗಿಲ್ಲ. ಇನ್‌ಸ್ಪೆಕ್ಟರ್ ಒಬ್ಬರೇ ಅಲ್ವಾ ಬರುದು? ಅವರು ಐದನೇ ಕ್ಲಾಸಿಂದ ಹೊರಟ ಕೂಡ್ಲೇ ಎರಡು ಕ್ಲಾಸಿನ ನಡುವಿನ ತಟ್ಟಿಯ ಮೇಲಿಂದ ಈಚೆ ದಾಟಿಸಿದ್ರಾಯ್ತು.”

ಮಾಸ್ತರರು ಅರ್ಧ ದೋಸೆ ಬಿಟ್ಟು ಎದ್ದೇಬಿಟ್ಟರು. ಸಿಕ್ಕಿತು ಉಪಾಯ!

ಅಂದೇ ಕ್ಲಾಸಿನಲ್ಲಿ ಘೋಷಣೆಯಾಯಿತು: “ಮಕ್ಕಳೇ, ಕರ್ತೃ, ಕ್ರಿಯಾಪದ ಅಂದ್ರೆ ಒಂದೇ ಮನೆಯ ಇಬ್ಬರು. ಎಸ್ ಅಂದ್ರೆ ಕೋಟು. ಆ ಮನೆಯಲ್ಲಿ ಇರುದು ಒಂದೇ ಕೋಟು! ಕರ್ತೃ ಕೋಟು ಹಾಕಿ ‘ಬಾಯ್ಸ್’ ಆದನೋ, ಕ್ರಿಯಾಪದ ಕೋಟಿಲ್ಲದೆ ‘ರನ್’! ಕರ್ತೃ ಬರೇ ‘ಬಾಯ್’ ಆದನೋ, ಕೋಟು ಕ್ರಿಯಾಪದಕ್ಕೆ, ‘ರನ್ಸ್’!”

ವರ್ಷವಿಡೀ ಬೆತ್ತಕ್ಕೂ ಬಗ್ಗದಿದ್ದ ಪಾಠ ಮಕ್ಕಳ ತಲೆಗೆ ಆ ದಿನವೇ ಹೊಕ್ಕಿತು.

ತಪಾಸಣೆಯ ದಿನ ಇನ್‌ಸ್ಪೆಕ್ಟರರು ಐದನೇ ಕ್ಲಾಸು ಮುಗಿಸಿ ಜಗಲಿಗೆ ಕಾಲಿಟ್ಟದ್ದೇ ತಡ, ನಡುವಿನ ಬಿದಿರು ತಟ್ಟಿಯ ಮೇಲಿಂದ ಕೋಟು ಹಾರಿ ಬಂತು. ಮಾಸ್ತರರು ಉಸಿರು ಬಿಗಿಹಿಡಿದು ಕೈ ತೂರಿಸಿದರು. ಗುಂಡಿ ಹಾಕುವುದು ಮಾತ್ರ ನರಮನುಷ್ಯರಿಂದ ಸಾಧ್ಯವಿರಲಿಲ್ಲ!

“ಬಾಯ್ಸ್...?” ಎಂದರು ಇನ್‌ಸ್ಪೆಕ್ಟರರು.

“ರನ್ ಸಾರ್!”

“ಬಾಯ್...?”

“ರನ್ಸ್ ಸಾರ್!”

“ಭೇಷ್!”

ಮಾಸ್ತರರ ಎದೆ ಉಬ್ಬಿತು, ಕೋಟಿನ ಬೆನ್ನಿನ ಹೊಲಿಗೆ ಚರ್ರೆಂದು ಬಿಟ್ಟಿತು.

“ಇದು ನಿಮಗೆ ಹೇಗೆ ಗೊತ್ತಾಯ್ತು?” ಇನ್‌ಸ್ಪೆಕ್ಟರರು ಮುಂದಿನ ಬೆಂಚಿನ ಸಾರಮ್ಮನನ್ನು ಕೇಳಿದರು.

“ಎಸ್ ಅಂದ್ರೆ ಕೋಟು ಸಾರ್. ಇರುದು ಒಂದೇ. ಆಚೆ ಮಾಸ್ಟ್ರು ಹಾಕಿದ್ರೆ ನಮ್ಮ ಮಾಸ್ಟ್ರಿಗೆ ಇಲ್ಲ. ಈಗ ತಟ್ಟಿಯ ಮೇಲಿಂದ ಬಂತಲ್ಲ ಸಾರ್, ಹಾಗೆ!”

ಇನ್‌ಸ್ಪೆಕ್ಟರರು ಮೆಲ್ಲನೆ ಎದ್ದು ತಟ್ಟಿಯಾಚೆ ಇಣುಕಿದರು. ಉದಯಶಂಕರ ಮೊಣಕೈ ಹರಿದ ಅಂಗಿಯಲ್ಲಿ ಕೈ ಕಟ್ಟಿ ನಿಂತಿದ್ದ. ಮುಗಿಯಿತು, ಇಂಗ್ಲಿಷ್ ಹೋಯಿತು ಎಂದು ಮಾಸ್ತರರು ಕಣ್ಣು ಮುಚ್ಚಿಕೊಂಡರು.

ಕೇಳಿಸಿದ್ದು ನಗು! ಇನ್‌ಸ್ಪೆಕ್ಟರರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಇಂಗ್ಲಿಷ್ ನಿಮ್ಮಲ್ಲೇ ಇರಲಿ ಮಾಸ್ತರರೇ. ಬರುವ ಶನಿವಾರ ಪುತ್ತೂರಿನಲ್ಲಿ ಅಧ್ಯಾಪಕರ ಸಭೆ ಉಂಟು. ಈ ಪಾಠವನ್ನು ಅಲ್ಲಿ ಮಾಡಿ ತೋರಿಸಿ.”

ಮಾಸ್ತರರು ಕಂಬಳದಲ್ಲಿ ಗೆದ್ದ ಕೋಣದ ಯಜಮಾನನಂತೆ ಮನೆ ಸೇರಿದರು. “ವಸುಮತೀ, ಕೋಟಿಗೆ ಹೊಲಿಗೆ ಹಾಕು! ಶನಿವಾರ ಪುತ್ತೂರಿನಲ್ಲಿ ನನ್ನ ಪಾಠ. ಇಂಗ್ಲಿಷ್ ನನ್ನದೇ!”

“ಹಾಕ್ತೇನೆ. ಆದ್ರೆ ಶನಿವಾರ ಉದಯ ಹೆಣ್ಣು ನೋಡ್ಲಿಕ್ಕೆ ಸುಳ್ಯಕ್ಕೆ ಹೋಗುದು. ಕೋಟು ಅವನಿಗೆ.”

“ಮತ್ತೆ ನನಗೆ?”

“ನಿಮಗೆ ಇಂಗ್ಲಿಷ್ ಸಿಕ್ಕಿತಲ್ಲ ಮಾರಾಯ್ರೆ! ಎರಡೂ ಒಬ್ಬರಿಗೇ ಸಿಗ್ಲಿಕ್ಕುಂಟಾ? ನೀವೇ ಕಲಿಸಿದ್ದಲ್ವಾ?”

ಶನಿವಾರ ಪುತ್ತೂರಿನ ಸಭೆಯಲ್ಲಿ ಮಹಾಗಣಪತಿ ಮಾಸ್ತರರು ಬರೇ ಅಂಗಿಯಲ್ಲಿ ನಿಂತು ಕೋಟಿನ ಮಹಿಮೆಯನ್ನು ವಿವರಿಸಿದರು. ಕೊನೆಗೆ ಇನ್‌ಸ್ಪೆಕ್ಟರರೇ ಕೇಳಿದರು, “ಎಲ್ಲಾ ಸರಿ, ಆ ಕೋಟು ಎಲ್ಲಿ ಮಾಸ್ತರರೇ?”

ಮಾಸ್ತರರು ಅಂಗಿಯ ಚುಂಗು ಹಿಡಿದುಕೊಂಡು ತಲೆ ತಗ್ಗಿಸಿದರು.

“ಸುಳ್ಯದಲ್ಲಿ ಹೆಣ್ಣು ನೋಡ್ತಾ ಉಂಟು ಸಾರ್!”