ಒಂದು ಎಂಬಿ ಕೊಸರು

ಚೌಕಾಸಿ ಮಾಡದೆ ಕೊಂಡ ವಸ್ತು ನನ್ನ ಮೈಗೆ ಹತ್ತುವುದಿಲ್ಲ. ಹೂವಿನವಳ ಹತ್ತಿರ ಮೇಲೊಂದು ಗೇಣು ಮಾಲೆ, ತರಕಾರಿಯವನ ಹತ್ತಿರ ನಾಲ್ಕು ಎಸಳು ಕರಿಬೇವು, ಹೀಗೆ ಕೊಸರು ಇಸಿದುಕೊಂಡರೇ ನನಗೆ ವ್ಯಾಪಾರ ಮುಗಿದಂತೆ. ಸೈಕಲ್ಲಿಗೆ ಸೀರೆಗಂಟು ಕಟ್ಟಿಕೊಂಡು ಮಾಯಕೊಂಡದ ಓಣಿ ಓಣಿ ಸುತ್ತಿ, ಕಡೆಗೆ ದಾವಣಗೆರೆಯ ವಿನೋಬನಗರದಲ್ಲಿ ಸ್ವಂತ ಸೀರೆ ಅಂಗಡಿ ಇಟ್ಟವನು ನಾನು. ಇಂಥವನಿಗೆ ಕಂಪ್ಯೂಟರಿನವರು ಟೋಪಿ ಹಾಕುವುದುಂಟೇ? ಅವರು ಹಾಕಲಿಲ್ಲ. ನಾನೇ ಅಳತೆ ಕೊಟ್ಟು ಹೊಲಿಸಿಕೊಂಡೆ.

ಊರಿಗೆ ಇಂಟರ್‌ನೆಟ್ಟು ಬಂದ ಹೊಸತು. ನಮ್ಮ ಓಣಿಯಲ್ಲೇ ಗಂಟೆ ಲೆಕ್ಕದ ಬಾಡಿಗೆಗೆ ಕಂಪ್ಯೂಟರ್ ಸೆಂಟರ್ ತೆರೆದಿದ್ದ ಕೊಟ್ರೇಶಿ, "ಸಾವ್ಕಾರ್ರೆ, ಅಂಗಡೀನ ನೆಟ್ಟಿಗೆ ಹಾಕ್ರಿ, ಮುಂಬೈಯವ್ರೂ ನೋಡ್ತಾರೆ" ಎಂದ. ಬೆಂಗಳೂರಿನಲ್ಲಿ ಸರ್ವರ್ ಎಂಬ ದೊಡ್ಡ ಕಂಪ್ಯೂಟರಂತೆ. ಅದರಲ್ಲಿ ಫೋಟೊ ಇಡಲು ಐದು ಎಂಬಿ ಜಾಗ ಬಾಡಿಗೆಗಂತೆ. ಯಾರಾದರೂ ನೋಡಿದಾಗಲೆಲ್ಲ ಫೋಟೊಗಳು ತಂತಿಯಲ್ಲಿ ಹರಿದುಹೋಗುತ್ತವೆ. ಆ ಹರಿಯುವುದಕ್ಕೂ ತಿಂಗಳಿಗೆ ಇಷ್ಟೇ ಎಂಬ ಮಿತಿ.

"ಐದಕ್ಕೆ ಒಂದು ಕೊಸರು ಹಾಕಿಸು" ಎಂದೆ.

"ಎಂಬಿಗೆ ಕೊಸರಾ? ಅದೇನ್ ಕೊತ್ತಂಬ್ರಿನಾ ಸಾವ್ಕಾರ್ರೆ!"

ಮೂರು ದಿನ ಬಿಡಲಿಲ್ಲ. ಕೊನೆಗೆ ಅವನು ಬೆಂಗಳೂರಿಗೆ ಫೋನು ಮಾಡಿ, "ಕೊಡ್ತಾರಂತ್ರಿ. ಆದ್ರ ತಿಂಗಳ ಮಿತಿ ಅರ್ಧ ಇಳಿಸ್ತಾರಂತೆ" ಎಂದ.

"ಇಳಿಸ್ಲಿ ಬಿಡು, ನನ್ ಗಂಟೇನ್ ಹೋಗ್ತೈತೆ?"

ಹೀಗೆ ಗೋದಾಮು ಹಿಗ್ಗಿಸಿ ಬಾಗಿಲು ಕಿರಿದು ಮಾಡಿಕೊಂಡು ಹಾಡು ಗುನುಗುತ್ತ ಮನೆಗೆ ಹೋದೆ. ನಿಮಗೊಂದು ಬುದ್ಧಿಮಾತು: ಚೌಕಾಸಿಯಲ್ಲಿ ಸಿಕ್ಕಿದ್ದನ್ನಲ್ಲ, ಬಿಟ್ಟುಕೊಟ್ಟದ್ದನ್ನು ನೋಡಿ. ಆಗ ಇದನ್ನು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಅವರ ಜೊತೆಗೂ ಚೌಕಾಸಿಗೆ ಇಳಿಯುತ್ತಿದ್ದೆ.

ಮುಂದೆ ಸಣ್ಣ ಸಣ್ಣ ಫೋಟೊ ಇಡೋಣ, ಬೇಕಾದವರು ಒತ್ತಿ ದೊಡ್ಡದು ನೋಡಲಿ ಎಂದು ಕೊಟ್ರೇಶಿ ಹೇಳಿದ. "ಮಡಚಿದ ಸೀರೆ ಯಾರ್ ತಗೋತಾರೋ? ಎಲ್ಲಾ ಬಿಚ್ಚಿ ಹರವು" ಎಂದೆ. ನಲವತ್ತು ಸೀರೆಗಳೂ ಮೊದಲ ಪುಟದಲ್ಲೇ ಸೆರಗು ಬಿಟ್ಟುಕೊಂಡು ನಿಂತವು.

ನೆಟ್ಟಿನ ಮೊದಲ ಗಿರಾಕಿ ಸಿಕ್ಕಿದ್ದು ಅಂಗಡಿಗೆ ಹಳಬರಾದ ಹರಿಹರದ ಸರೋಜ ಟೀಚರಿಂದ. ನಾಗಪುರದಲ್ಲಿರುವ ಅವರ ತಂಗಿ, ಮಗಳ ಮದುವೆಗೆ ಏಳು ಸೀರೆಗಳನ್ನು ಅಲ್ಲಿಂದಲೇ ನೋಡಿ ಆರಿಸಬೇಕು. ಗುರುವಾರ ಟೀಚರ ಫೋನು ಬಂತು.

"ಏನ್ರಿ ಅಣ್ಣಾರೆ, ಬಾಗ್ಲು ಹಾಕೈತಂತಲ್ರಿ! ತಿಂಗಳ ಮಿತಿ ಮುಗೀತು ಅಂತ ಬರ್ತೈತಂತೆ. ನಾಳೆನೂ ಹಿಂಗಾದ್ರ ತಂಗಿ ಅಲ್ಲೇ ತಗೊಂಬಿಡ್ತಾಳೆ ನೋಡ್ರಿ."

ಫೋನು ಇಟ್ಟವನೇ ಕೊಟ್ರೇಶಿಯ ಹತ್ತಿರ ಓಡಿದೆ. ಅವನು ಬೆಂಗಳೂರಿನವರನ್ನು ವಿಚಾರಿಸಿ ತಣ್ಣಗೆ ಹೇಳಿದ: "ಕೊಸರು ವಾಪಸ್ ಕೊಟ್ರೆ ಹಳೇ ಮಿತಿ ಕೊಡ್ತಾರಂತ್ರಿ."

ಜನ್ಮದಲ್ಲಿ ಮೊದಲ ಸಲ ಕೊಸರು ಹಿಂದಿರುಗಿಸಿದೆ. ಕಂಪ್ಯೂಟರಿನ ಎದುರಿಗೆ ಕುಳಿತು ನಲವತ್ತೂ ಸೀರೆಗಳ ಫೋಟೊಗಳನ್ನು ಅಂಗೈಯಗಲಕ್ಕೆ ಮಡಚಿಸಿದೆ. ಶುಕ್ರವಾರ ಮಧ್ಯಾಹ್ನದವರೆಗೆ ಅಂಗಡಿಯ ಫೋನಿನ ಪಕ್ಕದಿಂದ ಏಳಲಿಲ್ಲ. ಕೊನೆಗೆ ಅದು ಬಡಿದುಕೊಂಡಿತು.

"ಏಳಲ್ರಿ ಅಣ್ಣಾರೆ, ಎಂಟು ಸೀರೆ ಆರ್ಸ್ಯಾಳೆ! ಮೇಲಿಂದು ನಂಗೆ!" ಟೀಚರು ನಗುತ್ತಿದ್ದರು.

ಆ ಖುಷಿಗೆ ಕೊಟ್ರೇಶಿಯ ಸೆಂಟರಿಗೇ ಮಿರ್ಚಿ ಮಂಡಕ್ಕಿ ತರಿಸಿದೆ. ತಿನ್ನುತ್ತ ಕೇಳಿದೆ: "ಅಲ್ಲೋ, ಇಪ್ಪತ್ತೇ ದಿನಕ್ಕೆ ಮಿತಿ ಮುಗಿಯಂಗೆ ನೋಡಿದೋರ್ ಯಾರು? ಮುಂಬೈಯವ್ರಾ?"

ಯಾರು ಎಲ್ಲಿಂದ ನೋಡಿದರೆಂದು ಸರ್ವರಿನಿಂದ ಬಂದ ಪಟ್ಟಿಯನ್ನು ಅವನು ತೆಗೆದ. "ಮುಕ್ಕಾಲು ಪಾಲು ಈ ಕುರ್ಚಿಯಿಂದಾನೆ ಐತ್ರಿ. ದಿನಾ ಸಂಜೆ ಸಿಕ್ಕ ಸಿಕ್ಕೋರ್ನ ಕರ್ಕಂಬಂದು ತೋರ್ಸಿದೋರ್ ಯಾರ್ರಿ?"

ದಿನವೂ ಬರುವುದು, ನಲವತ್ತು ಸೀರೆ ಬಿಚ್ಚಿಸುವುದು, ಒಂದನ್ನೂ ಕೊಳ್ಳದೆ ಹೋಗುವುದು. ಅಂಥ ಗಿರಾಕಿಯನ್ನು ನಾನಾಗಿದ್ದರೆ ಮೂರನೆಯ ದಿನವೇ ಸಾಗಹಾಕುತ್ತಿದ್ದೆ. ಕೊಟ್ರೇಶಿ ಮಾತ್ರ ಪ್ರತಿ ಸಂಜೆಯೂ ಕುರ್ಚಿ ಒರೆಸಿ, "ಕೂಡ್ರಿ ಸಾವ್ಕಾರ್ರೆ" ಎಂದಿದ್ದ. ನಾನು ಕುಳಿತಷ್ಟು ಗಂಟೆಗೂ ಅವನಿಗೆ ಬಾಡಿಗೆ!