ಕಸ ಬೇಡಲು ಹೋದ ಇನ್ಸ್‌ಪೆಕ್ಟರ್

ಕಸದ ಕೆಲಸದಲ್ಲಿರುವವನು ನಗು ಹುಡುಕಿಕೊಂಡು ಹೋಗಬೇಕಿಲ್ಲ, ಅದು ದಿನಾ ಬೀದಿಯಲ್ಲೇ ಬಿದ್ದಿರುತ್ತದೆ. ಐವತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನೋಡಿ ಬಂದಿದ್ದ ಹೆಣ್ಣಿನ ತಂದೆ, "ಖಾಯಂ ಆಗ್ಲಿ, ಆಮ್ಯಾಲೆ ಮಾತಾಡಾನ" ಎಂದುಬಿಟ್ಟಿದ್ದರು. ಹೀಗಾಗಿ ಊರಿನ ಕಸ ನನ್ನ ಬಾಳಿನ ಪ್ರಶ್ನೆಯಾಗಿ ಕೂತಿತ್ತು.

೧. ಹೊಸ ತೊಟ್ಟಿ

ಕೆ.ಬಿ. ಬಡಾವಣೆಯ ಮೂಲೆಗಳಲ್ಲಿ ಹಸಿರು ಬಣ್ಣ ಬಳಿದ ತಗಡಿನ ತೊಟ್ಟಿಗಳನ್ನು ಇಡಿಸಿದೆ. ವಾರ ಬಿಟ್ಟು ಇಣುಕಿದರೆ ಒಳಗೆ ಒಂದು ಕಡ್ಡಿಯೂ ಇಲ್ಲ, ಕಸವೆಲ್ಲ ಸುತ್ತಮುತ್ತ! ಇದೇನು ಸೋಜಿಗ ಎಂದು ಎದುರು ಮನೆಯ ಅಜ್ಜಿಯನ್ನು ಕೇಳಿದೆ.

"ಅಯ್ಯ, ಹೊಸಾ ಸಾಮಾನು! ಅದರಾಗ ಕಸ ಹಾಕಿ ಹೊಲಸು ಮಾಡ್ತಾರೇನಪ್ಪ? ನಾನೇ ದಿನಾ ಒರೆಸಿ ಇಡ್ತೀನಿ" ಎಂದಳು.

೨. ಕರಪತ್ರ

ಬೀದಿಗೆ ಕಸ ಎಸೆಯಬೇಡಿ ಎಂದು ಕರಪತ್ರ ಅಚ್ಚು ಹಾಕಿಸಿ ಹಂಚಿಸಿದೆ. ಆಶ್ಚರ್ಯ, ಒಂದೂ ಬೀದಿಗೆ ಬೀಳಲಿಲ್ಲ. ಅಷ್ಟೂ ಎಲ್ಲಿ ಹೋದವು ಎಂಬ ಕುತೂಹಲ ನನ್ನನ್ನು ಕೊರೆಯುತ್ತಲೇ ಇತ್ತು. ಹದಿನೈದು ದಿನಕ್ಕೆ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಉತ್ತರ ಸಿಕ್ಕಿತು. ಅಂಗಡಿಯವ ಮಿರ್ಚಿ ಕಟ್ಟಿಕೊಟ್ಟದ್ದು ನನ್ನದೇ ಕರಪತ್ರದಲ್ಲಿ! ರದ್ದಿಯವನ ಕೈ ಹಿಡಿದು ಅದು ಹರಿಹರದವರೆಗೆ ಬಂದಿತ್ತು. ತಿಂದಾದ ಮೇಲೆ ಕಾಗದ ಎಲ್ಲಿ ಹಾಕಲಿ ಎಂದು ಕೇಳಿದೆ.

"ಓದಿ ಮುಗೀತಲ್ರಿ? ಅಲ್ಲೇ ಬೀದಿಗೆ ಒಗೀರಿ" ಎಂದ.

೩. ಸಾಹೇಬರು ಬಂದ ಶುಕ್ರವಾರ

ನನ್ನ ಖಾಯಂ ಆದೇಶಕ್ಕೆ ಸಹಿ ಹಾಕಬೇಕಾದ ದೊಡ್ಡ ಸಾಹೇಬರು ಶುಕ್ರವಾರ ಸಂಜೆ ತಪಾಸಣೆಗೆ ಬರುವುದೆಂದಾಯಿತು. ಗುರುವಾರವೇ ಬೀದಿಗಳನ್ನೆಲ್ಲ ಗುಡಿಸಿಸಿ, ಕಸವನ್ನು ಎತ್ತಿನ ಗಾಡಿಯಲ್ಲಿ ಹೇರಿಸಿ, ಊರಾಚೆಯ ಗೊಬ್ಬರದ ಗುಂಡಿ ತುಂಬಿಸಿದೆ. ತುಂಬಿದ ಗುಂಡಿಯೇ ನನ್ನ ಕೆಲಸಕ್ಕೆ ಸಾಕ್ಷಿ.

ಶುಕ್ರವಾರ ಇಳಿಹೊತ್ತಿಗೆ ಹೋಗಿ ನೋಡಿದರೆ ಗುಂಡಿ ಖಾಲಿ! ಗೊಬ್ಬರದ ಗುತ್ತಿಗೆ ಹಿಡಿದಿದ್ದ ಕೊಂಡಜ್ಜಿ ಹಳ್ಳಿಯ ರೈತ ಹಳೆಯದರ ಜೊತೆ ಹೊಸದನ್ನೂ ಬಳಿದುಕೊಂಡು ಹೋಗಿದ್ದ. ತಳವನ್ನೂ ಗುಡಿಸಿದ್ದ, ಪುಣ್ಯಾತ್ಮ.

ಗಾಡಿ ಹೊಡೆಸಿಕೊಂಡು ಊರೊಳಗೆ ಓಡಿದೆ. ಮನೆಮನೆಗಳಲ್ಲಿ ಆಗಲೇ ದೀಪ ಹಚ್ಚಿದ್ದರು.

"ತಾಯಿ, ಒಂದು ಬುಟ್ಟಿ ಕಸ ಇದ್ರೆ ಹಾಕ್ರಿ" ಎಂದೆ.

"ಶುಕ್ರವಾರ ದೀಪ ಹಚ್ಚಿದ ಮ್ಯಾಲೆ ಕಸ ಹೊರಗ ಹಾಕಿದ್ರೆ ಲಕ್ಷ್ಮಿ ಹೋಗ್ತಾಳ್ರಿ. ಮುಂದಿನ ಮನಿಗೆ ಹೋಗ್ರಿ!"

ಮುಂದಿನ ಮನೆಯಲ್ಲೂ ಅದೇ ಮಾತು. ಬೀದಿಗೆ ಕಸ ಚೆಲ್ಲಬೇಡಿ ಎಂದು ನಾನು ಗದರಿಸಿದ್ದ ಬಾಗಿಲುಗಳಲ್ಲೇ ಕಸದ ಭಿಕ್ಷೆ ಬೇಡಿದೆ. ಒಂದು ಹಿಡಿಯೂ ಹುಟ್ಟಲಿಲ್ಲ.

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಬೀದಿ ನೋಡಿದರು, ಕಸವಿಲ್ಲ. ಗುಂಡಿ ನೋಡಿದರು, ಕಸವಿಲ್ಲ. ನನ್ನ ಗಾಡಿಯನ್ನೂ ಇಣುಕಿದರು, ಅಲ್ಲೂ ಇಲ್ಲ.

"ಭೇಷ್! ಇಂಥಾ ಊರು ನಾ ನೋಡೇ ಇಲ್ಲ" ಎಂದು ಬೆನ್ನು ತಟ್ಟಿದರು. ಸಂತೋಷಕ್ಕೆ ನನ್ನ ಕಣ್ಣು ತುಂಬಿ ಬಂತು. ಸಾಹೇಬರು ಜೀಪಿನ ಮೂತಿಯ ಮೇಲೆ ಕಾಗದ ಇಟ್ಟು ವರದಿ ಬರೆದು, ಓದಿಕೊಳ್ಳಿ ಎಂದು ನನ್ನ ಕೈಗೇ ಕೊಟ್ಟರು:

"ಸದರಿ ಊರಿನಲ್ಲಿ ಕಸ ಕಂಡುಬಂದಿಲ್ಲ. ಆದಕಾರಣ ಹೆಲ್ತ್ ಇನ್ಸ್‌ಪೆಕ್ಟರ್ ಹುದ್ದೆ ಅನಗತ್ಯ."